ಕೋಲಿನ ಓರೆ, ಕೈಯ ಅಳತೆ

ಗುದ್ದಲಿ ಕೈಗೆ ಒಗ್ಗದಿದ್ದರೆ ನಮ್ಮ ಕೆರೂರಿನ ಕಡೆಯ ಒಕ್ಕಲು ಹೆಣ್ಣುಮಗಳು ತನ್ನ ಸೊಂಟವನ್ನು ಬೈದುಕೊಳ್ಳುವುದಿಲ್ಲ, ಕಂಬಾರನ ಕುಲುಮೆಗೆ ಒಯ್ಯುತ್ತಾಳೆ. ಅವನು ಕಾಯಿಸಿ, ಬಡಿದು, ಓರೆಯನ್ನು ತುಸು ತಿದ್ದಿಕೊಡುತ್ತಾನೆ. ಇಷ್ಟು ಸಣ್ಣ ಮಾತು ಶ್ರೀಮಂತರದೆನಿಸಿದ ಗಾಲ್ಫ್ ಆಟದ ಕಾರ್ಖಾನೆಗಳಿಗೆ ಹೊಳೆಯಲು ಬಹಳ ಕಾಲ ಹಿಡಿಯಿತು.

ಆ ಆಟ ನಮ್ಮ ನಾಡಿಗೆ ಹೊಸತಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಷ್ಟು ಹಳೆಯದು. ಅಲ್ಲಿ ಲೋಹದ ತಲೆಯ ಕೋಲಿಗೆ ‘ಐರನ್’ ಎಂದೇ ಹೆಸರು. ತಲೆಯ ತಳ ನೆಲಕ್ಕೆ ಸಮನಾಗಿ ಕೂತಾಗ ಕೋಲು ನೆಲದೊಡನೆ ಮಾಡುವ ಕೋನವೇ ‘ಲೈ’. ಅದು ಸುಮಾರು 60 ಡಿಗ್ರಿಯ ಆಸುಪಾಸು. ಎತ್ತರದವರಿಗೆ ಕೋಲು ಹೆಚ್ಚು ನೆಟ್ಟಗಿರಬೇಕು, ಗಿಡ್ಡರಿಗೆ ಹೆಚ್ಚು ಓರೆಯಾಗಿರಬೇಕು.

ಗಿಡ್ಡ ಹೆಂಗಸಿನ ಕೈಗೆ ಎತ್ತರದ ಗಂಡಸಿನ ಕೋಲು ಕೊಟ್ಟರೆ ಏನಾದೀತು? ತಲೆಯ ತುದಿ ನೆಲಬಿಟ್ಟು ಮೇಲೇಳುತ್ತದೆ. ಚೆಂಡಿಗೆ ತಾಗುವ ಮುಖ ಮೊದಲೇ ಹಿಂದಕ್ಕೆ ವಾಲಿರುವುದರಿಂದ, ತುದಿ ಎದ್ದೊಡನೆ ಅದು ಎಡಕ್ಕೆ ನೋಡತೊಡಗುತ್ತದೆ. ಬಲಗೈಯವಳು ಎಷ್ಟೇ ನೇರವಾಗಿ ಬೀಸಿದರೂ ಚೆಂಡು ಎಡಕ್ಕೇ. ಕೋಲಿನ ಓರೆ ಅತಿಯಾದರೆ ಬಲಕ್ಕೆ. ನೋಡಿದವರು ಮಾತ್ರ ‘ಇವಳಿಗೆ ಆಟ ಬಾರದು’ ಎಂದುಬಿಡುತ್ತಾರೆ.

ಇದಕ್ಕೊಂದು ದಾರಿ ತೋರಿದವನು ಕಾರ್ಸ್ಟನ್ ಸೋಲ್ಹೈಮ್. 1911ರಲ್ಲಿ ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವನು. ತಂದೆಯದು ಬೂಟು ಹೊಲಿಯುವ ಕಸಬು, ಎಂಜಿನಿಯರಾಗುವ ಮುನ್ನ ಮಗನದೂ ಅದೇ. ಎಲ್ಲರ ಪಾದಕ್ಕೂ ಒಂದೇ ಬೂಟು ಒಪ್ಪದೆಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 1972ರಲ್ಲಿ ಅವನ ‘ಪಿಂಗ್’ ಕಂಪನಿ ಕೋಲುಗಳಿಗೆ ಬಣ್ಣದ ಚುಕ್ಕೆಯಿಡುವ ಪದ್ಧತಿ ತಂದಿತು. ಆಳಿನ ಎತ್ತರ, ಮಣಿಕಟ್ಟಿನಿಂದ ನೆಲಕ್ಕಿರುವ ದೂರ, ಇವೆರಡನ್ನು ಅಳೆದು ಯಾವ ಚುಕ್ಕೆಯ ಕೋಲು ಹೊಂದುತ್ತದೆಂದು ಹೇಳಬಹುದು. ಕಪ್ಪು ಚುಕ್ಕೆ ಸಾಮಾನ್ಯ ಓರೆಗೆ. 1990ರಲ್ಲಿ ಆರಂಭವಾದ, ಯುರೋಪ್ ಮತ್ತು ಅಮೆರಿಕದ ಮಹಿಳೆಯರು ಸೆಣಸುವ ಗಾಲ್ಫ್ ಪಂದ್ಯಾವಳಿಗೆ ಇವನ ಮನೆತನದ ಹೆಸರೇ ಇದೆ: ಸೋಲ್ಹೈಮ್ ಕಪ್.

ಟೋಕಿಯೋ ಒಲಿಂಪಿಕ್ಸಿನಲ್ಲಿ, 2021ರಲ್ಲಿ, ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯವರಾದರು. ಪದಕ ತಪ್ಪಿದ್ದು ಒಂದೇ ಹೊಡೆತದಿಂದ. ಆ ಮಟ್ಟದ ಆಟದಲ್ಲಿ ಒಂದೆರಡು ಡಿಗ್ರಿಯ ಬೆಲೆ ಏನೆಂದು ಇದರಿಂದಲೇ ಊಹಿಸಬಹುದು.

ನಾವು ಗಾಲ್ಫ್ ಆಡುವವರಲ್ಲ, ನಿಜ. ಆದರೆ ಅಡಿಗೆಮನೆಯ ಕಟ್ಟೆಯನ್ನು, ಅದರ ಮುಂದೆ ದಿನವಿಡೀ ನಿಲ್ಲುವವಳ ಎತ್ತರ ಕೇಳಿ ಕಟ್ಟಿಸಿದ ಮನೆಗಳು ನಮ್ಮಲ್ಲಿ ಎಷ್ಟಿವೆ? ಬೆನ್ನು ನೋವೆಂದರೆ ಸಾಕು, ವಯಸ್ಸಾಯಿತು ಎನ್ನುತ್ತಾರೆ. ಕಟ್ಟೆಯನ್ನು ಅಳೆಯುವವರಿಲ್ಲ.