ಚಾರ್ಜ್ ಹಿಡಿಯದ ಚಾರ್ಜರ್: ಟಿಪಿ4056 ಬೋರ್ಡಿನಲ್ಲಿ ದೋಷಶೋಧನೆಯ ಕ್ರಮ

ಸೆಲ್ ಹಾಕಿದರೂ ಚಾರ್ಜ್ ಹಿಡಿಯದಿದ್ದರೆ ರಿಪೇರಿ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ‘ಐಸಿ ಹೋಗಿದೆ’ ಎಂಬುದು. ಈ ತೀರ್ಪು ಬಹುಪಾಲು ಅವಸರದ್ದು ಎಂಬುದೇ ಪ್ರಸ್ತುತ ಲೇಖನದ ವಾದ. ಇಂದಿನ ಲಿಥಿಯಂ ಚಾರ್ಜರ್‌ನಲ್ಲಿ ಕರೆಂಟ್ ಹರಿಯಬೇಕಾದರೆ ಅಡಾಪ್ಟರ್, ಐಸಿ, ಸೆಲ್ ಮೂರೂ ಒಪ್ಪಬೇಕು. ಯಾವುದೊಂದು ತಡೆದರೂ ಹೊರಗೆ ಕಾಣುವ ಲಕ್ಷಣ ಒಂದೇ. ಹಾಗಾಗಿ ಕೆಟ್ಟದ್ದು ಏನು ಎಂದು ಕೇಳುವ ಮೊದಲು ತಡೆದದ್ದು ಯಾವುದು ಎಂದು ಕೇಳಬೇಕು.

ಪರಿಶೀಲನೆಗೆ ಎತ್ತಿಕೊಂಡಿರುವುದು ಟಿಪಿ4056 ಎಂಬ ಎಂಟು ಪಿನ್ನಿನ ಐಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಡಿಮೆ ದುಡ್ಡಿಗೆ ಸಿಗುವ, ಹೆಬ್ಬೆರಳಗಲದ ಚಾರ್ಜಿಂಗ್ ಬೋರ್ಡುಗಳಲ್ಲಿ ಇರುವುದು ಹೆಚ್ಚಾಗಿ ಇದೇ. ಒಂದೇ ಸೆಲ್ಲನ್ನು 4.2 ವೋಲ್ಟ್‌ವರೆಗೆ ತುಂಬಿಸುವುದು ಇದರ ಕೆಲಸ. ಎರಡನೇ ಪಿನ್ನಿನಿಂದ ಗ್ರೌಂಡಿಗೆ 1.2 ಕಿಲೋ ಓಮ್‌ನ ರೆಸಿಸ್ಟರ್ ಇದ್ದರೆ ಚಾರ್ಜಿಂಗ್ ಕರೆಂಟ್ 1 ಆಂಪಿಯರ್.

ಮೊದಲು ಅಡಾಪ್ಟರ್ ಕಡೆ. ಟೈಪ್-ಸಿ ಸಾಕೆಟ್ ಬಂದ ಮೇಲೆ ಒಂದು ವಿಚಿತ್ರ ದೂರು ಶುರುವಾಗಿದೆ: ಹಳೆಯ ಕೇಬಲ್‌ನಲ್ಲಿ ಚಾರ್ಜ್ ಆಗುತ್ತದೆ, ಎರಡೂ ತುದಿ ಟೈಪ್-ಸಿ ಇರುವ ಹೊಸ ಕೇಬಲ್‌ನಲ್ಲಿ ಆಗುವುದಿಲ್ಲ. ಮೀಟರ್ ಇಟ್ಟು ನೋಡಿದರೆ ಬೋರ್ಡಿನ ಇನ್‌ಪುಟ್‌ನಲ್ಲೇ ಸೊನ್ನೆ. ಟೈಪ್-ಸಿ ಅಡಾಪ್ಟರ್ ಎದುರಿಗೆ ಉಪಕರಣವಿದೆ ಎಂದು ಖಾತ್ರಿಯಾಗುವವರೆಗೆ 5 ವೋಲ್ಟ್ ಬಿಡುವುದೇ ಇಲ್ಲ. ಆ ಖಾತ್ರಿ ಕೊಡುವುದು ಸಾಕೆಟ್ಟಿನ ಎರಡು ಸಿಸಿ ಪಿನ್ನುಗಳಿಂದ ಗ್ರೌಂಡಿಗೆ ಬೆಸೆದ, ತಲಾ 5.1 ಕಿಲೋ ಓಮ್‌ನ ರೆಸಿಸ್ಟರ್‌ಗಳು. ಅಗ್ಗದ ಕೆಲವು ಬೋರ್ಡುಗಳಲ್ಲಿ ಅವನ್ನು ಹಾಕಿಯೇ ಇರುವುದಿಲ್ಲ. ಹಳೆಯ ಯುಎಸ್‌ಬಿ-ಎ ಪೋರ್ಟ್‌ನಲ್ಲಿ 5 ವೋಲ್ಟ್ ಸದಾ ಇರುವುದರಿಂದ ಅಲ್ಲಿ ಈ ಕೊರತೆ ಮುಚ್ಚಿಹೋಗುತ್ತದೆ. ಇಂಥ ಬೋರ್ಡಿನ ಐಸಿ ಕಿತ್ತು ಹೊಸದು ಹಾಕಿದರೆ ದುಡ್ಡೂ ದಂಡ, ಶ್ರಮವೂ ದಂಡ.

ಇನ್‌ಪುಟ್‌ನಲ್ಲಿ 5 ವೋಲ್ಟ್ ಇದ್ದ ಮಾತ್ರಕ್ಕೆ ನಂಬುವಂತಿಲ್ಲ. ಅಳೆಯಬೇಕಾದದ್ದು ಕರೆಂಟ್ ಹರಿಯುವಾಗ. ಕೇಬಲ್ಲು ಮತ್ತು ಕನೆಕ್ಟರ್‌ಗಳ ಪ್ರತಿರೋಧ ಒಟ್ಟು 0.8 ಓಮ್ ಇದ್ದರೆ 1 ಆಂಪಿಯರ್‌ಗೆ 0.8 ವೋಲ್ಟ್ ದಾರಿಯಲ್ಲೇ ಕಳೆದು, ಐಸಿಗೆ ತಲುಪುವುದು 4.2 ಮಾತ್ರ.

ಐಸಿ ತನ್ನ ಸ್ಥಿತಿಯನ್ನು ಎರಡು ಎಲ್‌ಇಡಿಗಳಲ್ಲಿ ಹೇಳುತ್ತದೆ. ಕೆಂಪು ಉರಿದರೆ ಚಾರ್ಜ್ ನಡೆದಿದೆ. ನೀಲಿಯೋ ಹಸಿರೋ ಆದ ಇನ್ನೊಂದು ಉರಿದರೆ ಮುಗಿದಿದೆ. ಅದು ಉರಿಯುತ್ತಲೇ ಕೆಂಪು ಮಿನುಗುತ್ತಿದ್ದರೆ ಐಸಿಗೆ ಸೆಲ್ ಕಾಣುತ್ತಿಲ್ಲ; ಹೋಲ್ಡರ್‌ನ ಸ್ಪ್ರಿಂಗ್ ನೋಡಿ. ಎರಡೂ ಆರಿದ್ದರೆ ಸಪ್ಲೈ ಸಾಲದಾಗಿರಬೇಕು, ಇಲ್ಲವೇ ಉಷ್ಣತೆಯ ತಡೆ ಬಿದ್ದಿರಬೇಕು. ಈ ಎರಡನೆಯದು ಅಭ್ಯಾಸಿಗಳು ಹೆಚ್ಚಾಗಿ ಎಡವುವ ಜಾಗ. ಒಂದನೇ ಪಿನ್ನಿನ ವೋಲ್ಟೇಜ್ ಸಪ್ಲೈನ ಶೇ. 45ರಿಂದ 80ರ ನಡುವೆ, ಅಂದರೆ 5 ವೋಲ್ಟ್‌ಗೆ 2.25ರಿಂದ 4ರ ನಡುವೆ, ಇದ್ದರೆ ಮಾತ್ರ ಚಾರ್ಜಿಂಗ್ ನಡೆಯುತ್ತದೆ. ಸೆಲ್ಲಿಗೆ ಅಂಟಿಸಿದ ಥರ್ಮಿಸ್ಟರ್‌ನ ತಂತಿ ಬಿಟ್ಟುಕೊಂಡರೆ ಈ ವೋಲ್ಟೇಜ್ ಮೇಲಕ್ಕೇರುತ್ತದೆ. 80ರ ಗೆರೆ ದಾಟಿತೆಂದರೆ, ಬೇಸಿಗೆಯ ರಾಯಚೂರಿನಲ್ಲಿ ಕೂತಿದ್ದರೂ ಐಸಿಯ ಲೆಕ್ಕದಲ್ಲಿ ಸೆಲ್ ಹಿಮದಲ್ಲಿದೆ! ಸಿದ್ಧ ಬೋರ್ಡುಗಳಲ್ಲಿ ಈ ಪಿನ್ನನ್ನು ಸಾಮಾನ್ಯವಾಗಿ ಗ್ರೌಂಡಿಗೇ ಸೇರಿಸಿ ತಪಾಸಣೆಯನ್ನು ಕೈಬಿಟ್ಟಿರುತ್ತಾರೆ.

ದೀಪಗಳಿಗಿಂತ ಖಚಿತ ಸಾಕ್ಷಿ ಎರಡನೇ ಪಿನ್ನಿನದು. ಪೂರ್ಣ ಕರೆಂಟ್ ಹರಿಯುವಾಗ ಅಲ್ಲಿ ಸುಮಾರು 1 ವೋಲ್ಟ್ ಇರುತ್ತದೆ. ಅದನ್ನು ರೆಸಿಸ್ಟರ್‌ನಿಂದ ಭಾಗಿಸಿ 1200ರಿಂದ ಗುಣಿಸಿದರೆ ಚಾರ್ಜಿಂಗ್ ಕರೆಂಟ್ ಸಿಗುತ್ತದೆ. ತಂತಿ ಕತ್ತರಿಸಿ ಆಮ್ಮೀಟರ್ ಸೇರಿಸುವ ತಾಪತ್ರಯವಿಲ್ಲ.

ಉಳಿದದ್ದು ಸೆಲ್. ರಕ್ಷಣಾ ಸರ್ಕ್ಯೂಟ್ ಇರುವ ಸೆಲ್ ತೀರಾ ಬರಿದಾದಾಗ ಅದರೊಳಗಿನ ಡಿಸ್ಚಾರ್ಜ್ ಮಾಸ್‌ಫೆಟ್ ಕಡಿತಗೊಂಡು ಹೊರಗಿನ ಟರ್ಮಿನಲ್‌ಗಳಲ್ಲಿ ಮೀಟರ್ ಸೊನ್ನೆಯ ಆಸುಪಾಸು ತೋರಿಸಬಹುದು. ಆದರೆ ಆ ಮಾಸ್‌ಫೆಟ್‌ನೊಳಗಿನ ಡಯೋಡ್ ಚಾರ್ಜಿಂಗ್ ದಿಕ್ಕಿಗೆ ತೆರೆದೇ ಇರುತ್ತದೆ. ಮೊದಲು ವೋಲ್ಟೇಜ್ ನೋಡಿ ಆಮೇಲೆ ಕರೆಂಟ್ ಬಿಡುವ ‘ಬುದ್ಧಿವಂತ’ ಚಾರ್ಜರ್ ಇಲ್ಲಿ ಸೆಲ್ಲೇ ಇಲ್ಲವೆಂದು ಸುಮ್ಮನಾಗುತ್ತದೆ. ಕರೆಂಟ್ ಬರದೆ ಸೆಲ್ ಏಳದು, ಸೆಲ್ ಏಳದೆ ಕರೆಂಟ್ ಬಾರದು. ಟಿಪಿ4056 ಹಾಗಲ್ಲ, ಸೆಲ್ 2.9 ವೋಲ್ಟ್‌ಗಿಂತ ಕೆಳಗಿದ್ದರೆ ಪೂರ್ಣ ಕರೆಂಟಿನ ಸುಮಾರು ಹತ್ತನೇ ಒಂದು ಪಾಲನ್ನು ಬಿಟ್ಟು ನಿಧಾನಕ್ಕೆ ಎಬ್ಬಿಸುತ್ತದೆ.

ಎಬ್ಬಿಸಬಹುದಾದದ್ದನ್ನೆಲ್ಲ ಎಬ್ಬಿಸಬೇಕೆಂದಿಲ್ಲ. ಅತಿಯಾಗಿ ಬರಿದಾದ ಸೆಲ್ಲಿನೊಳಗೆ ಋಣಧ್ರುವದ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಅಲ್ಲಲ್ಲಿ ಕೂತು ಒಳಗೇ ಶಾರ್ಟ್ ಆಗಬಹುದು. 2 ವೋಲ್ಟ್‌ಗಿಂತ ಕೆಳಗೆ ತಿಂಗಳುಗಟ್ಟಲೆ ಬಿದ್ದಿದ್ದ ಸೆಲ್ಲನ್ನು ಚಾರ್ಜರ್ ನಿರಾಕರಿಸಿದರೆ ಚಾರ್ಜರ್ ಮಾಡಿದ್ದೇ ಸರಿ. ಅಂಥ ಸೆಲ್ ಮನೆಯ ಕಸದ ಬುಟ್ಟಿಗೂ ಹೋಗುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಬೇರೆಯಾಗಿಯೇ ವಿಲೇವಾರಿಗೆ ಕೊಡಬೇಕು.