ಪಂಪನು ಭಾರತವನ್ನು ಬರೆದುದು ಯಾರಿಗಾಗಿ?

ಕವಿಯು ಏತಕ್ಕಾಗಿ ಬರೆದನೆಂಬುದನ್ನು ತಿಳಿಯಬೇಕಾದರೆ ಅವನ ಮಾತನ್ನೇ ಕೇಳುವುದು ಸುಲಭವಾದ ಮಾರ್ಗವೆಂದು ತೋರುತ್ತದೆ. ನಮ್ಮ ಹಳಗನ್ನಡದ ಕವಿಗಳು ಈ ವಿಷಯದಲ್ಲಿ ಸಂಕೋಚಪಟ್ಟವರಲ್ಲ. ಆಶ್ರಯದಾತನಾರು, ಪ್ರೇರಿಸಿದವರಾರು, ದೊರೆತ ಮನ್ನಣೆಯೇನು ಎಂಬುದನ್ನು ತಾವೇ ಹೇಳಿಕೊಂಡಿರುವರು. ಆದರೆ ಅಷ್ಟಕ್ಕೇ ತೃಪ್ತರಾದರೆ ನಾವು ಕವಿಯನ್ನು ಅರಿತಂತಾಗುವುದೆ?

ಪಂಪನನ್ನೇ ತೆಗೆದುಕೊಳ್ಳೋಣ. ವೇಮುಲವಾಡದ ಚಾಲುಕ್ಯ ದೊರೆ ಇಮ್ಮಡಿ ಅರಿಕೇಸರಿಯ ಆಸ್ಥಾನದಲ್ಲಿದ್ದ ಈತನು ಎರಡು ಕಾವ್ಯಗಳನ್ನು ರಚಿಸಿದನು. ಕ್ರಿ.ಶ. 941ರ ಆದಿಪುರಾಣವು ಜಿನಾಗಮವನ್ನು ಬೆಳಗುವುದಕ್ಕೆ, ವಿಕ್ರಮಾರ್ಜುನವಿಜಯವು ಲೌಕಿಕವನ್ನು ಬೆಳಗುವುದಕ್ಕೆ ಎಂದು ತಾನೇ ವಿಂಗಡಿಸಿರುವನು. ಎರಡನೆಯದಕ್ಕಾಗಿ ಅವನಿಗೆ ಧರ್ಮವುರವೆಂಬ ಅಗ್ರಹಾರವು ದೊರೆಯಿತು. ಇದು ಕವಿಯ ಮಾತು ಮಾತ್ರವಲ್ಲ. ತೆಲಂಗಾಣದ ಕುರಿಕ್ಯಾಲದ ಬಳಿಯ ಬಂಡೆಯ ಮೇಲೆ ಅವನ ತಮ್ಮ ಜಿನವಲ್ಲಭನು ಕೆತ್ತಿಸಿದ ಶಾಸನವೂ ಇದನ್ನೇ ಹೇಳುತ್ತದೆ.

ದೊರೆಯ ಋಣವು ಕಥೆಯಲ್ಲಿ ಎದ್ದು ಕಾಣುತ್ತದೆ. ಅರಿಕೇಸರಿಯೇ ಅರ್ಜುನ, ದೊರೆಯ ಬಿರುದುಗಳೆಲ್ಲ ಪಾಂಡವನಿಗೆ ಸಂದಿವೆ. ದ್ರೌಪದಿಯು ಐವರ ಮಡದಿಯಾಗದೆ ಅರ್ಜುನನೊಬ್ಬನ ಕೈಹಿಡಿಯುತ್ತಾಳೆ. ಕಡೆಯಲ್ಲಿ ಪಟ್ಟವು ಧರ್ಮರಾಯನಿಗಲ್ಲ, ಅರ್ಜುನನಿಗೆ. ಅವನೊಡನೆ ಕುಳಿತುಕೊಳ್ಳುವವಳು ಸುಭದ್ರೆ. ಇಷ್ಟನ್ನು ಮಾತ್ರ ನೋಡಿದವರು ಇದನ್ನು ಅರಮನೆಯ ಹೊಗಳಿಕೆಯೆಂದು ಬದಿಗಿಟ್ಟರೆ ಆಶ್ಚರ್ಯವಿಲ್ಲ.

ಹೀಗಿರಲು ಕರ್ಣನೆಲ್ಲಿಂದ ಬಂದನು? ಅರ್ಜುನನ ಹಗೆಯಾದ ಅವನು ಸತ್ತಾಗ, ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡಿ, ಕರ್ಣನನ್ನೇ ನೆನೆಯಿರೆಂಬ ಭಾವವನ್ನು ಪಂಪನು ತಾನಾಗಿ ಮುಂದೆ ಬಂದು ನುಡಿಯುತ್ತಾನೆ. ವೈರಿಯು ದೊಡ್ಡವನಾದಷ್ಟೂ ಗೆದ್ದವನ ಕೀರ್ತಿ ದೊಡ್ಡದಲ್ಲವೆ ಎಂದು ಶ್ರೋತೃಗಳಲ್ಲಿ ಕೆಲವರು ಕೇಳಬಹುದು. ಸರಿಯೆ. ಆದರೆ ಅದಕ್ಕೆ ಕರ್ಣನ ಬಿಲ್ಲಿನ ಬಲವನ್ನು ವರ್ಣಿಸಿದರೆ ಸಾಕಾಗಿತ್ತು. ಪಂಪನು ನಿಲ್ಲುವುದು ಬೇರೆಡೆಯಲ್ಲಿ: ಕೃಷ್ಣನು ಜನ್ಮರಹಸ್ಯವನ್ನು ತಿಳಿಸಿ ರಾಜ್ಯದ ಆಸೆ ತೋರಿದಾಗಲೂ ಕರ್ಣನು ತನ್ನನ್ನು ಪೊರೆದ ಒಡೆಯನನ್ನು ಬಿಡಲಾರನಾದ ಆ ಘಳಿಗೆಯಲ್ಲಿ. ಪಂಪನು ಕವಿಯಷ್ಟೇ ಅಲ್ಲ, ಕತ್ತಿ ಹಿಡಿದ ಆಳು. ಒಡೆಯನ ಅನ್ನದ ಭಾರವೆಷ್ಟೆಂಬುದನ್ನು ಬಲ್ಲವನು. ಅರ್ಜುನನನ್ನು ಅವನು ದೊರೆಗಾಗಿ ಬರೆದನು, ಕರ್ಣನನ್ನು ತನಗಾಗಿ ಬರೆದನೆಂದೇ ನನ್ನ ಎಣಿಕೆ. ಕೊಟ್ಟವನು ಕೇಳಬಹುದಾದುದೆಷ್ಟು, ಕವಿಯು ಕೇಳದೆಯೇ ಕೊಟ್ಟುದೆಷ್ಟು ಎಂದು ತೂಗಿ ನೋಡಿದರೆ ಈ ಭೇದವು ತಿಳಿದುಬರುತ್ತದೆ. ರನ್ನನು ಸತ್ಯಾಶ್ರಯನನ್ನು ಭೀಮನೊಡನೆ ಹೋಲಿಸಿ ಗದಾಯುದ್ಧವನ್ನು ಬರೆದಾಗಲೂ ದುರ್ಯೋಧನನು ಹೀಗೆಯೇ ಬೆಳೆದುನಿಂತನು.

ಪಂಪಭಾರತದ ಕೊನೆಯಲ್ಲಿ, ಯಾರು ಯಾರಿಂದ ಭಾರತವು ಪೂಜ್ಯವಾಯಿತೆಂದು ಎಂಟು ಮಂದಿಯನ್ನು ಎಣಿಸುವ ಪದ್ಯವೊಂದುಂಟು. ಛಲಕ್ಕಾಗಿ ದುರ್ಯೋಧನನು ಮೊದಲು, ನನ್ನಿಗಾಗಿ ಕರ್ಣನು ಎರಡನೆಯವನು. ಛಂದಸ್ಸಿನ ನಿರ್ಬಂಧದಿಂದ ಹಾಗಾಯಿತೆನ್ನುವವರು ಎನ್ನಲಿ. ಅಗ್ರಹಾರವಿತ್ತ ದೊರೆಯ ಪ್ರತಿರೂಪನಾದ ಅರ್ಜುನನು ಅಲ್ಲಿ ಏಳನೆಯವನು.