ಕೇಸ್–ಕಂಟ್ರೋಲ್ ಅಧ್ಯಯನಗಳ ಗುಣಮಟ್ಟ

ರೋಗ ಬಂದವರನ್ನೂ ಅದೇ ರೋಗ ಬಾರದವರನ್ನೂ ಆರಿಸಿಕೊಂಡು, ಎರಡೂ ಗುಂಪುಗಳ ಹಿಂದಿನ ಬದುಕಿನಲ್ಲಿ ಯಾವ ಅಭ್ಯಾಸ, ಔಷಧ ಅಥವಾ ಸೋಂಕು ಎಷ್ಟರಮಟ್ಟಿಗೆ ಇತ್ತು ಎಂದು ಹೋಲಿಸಿ ನೋಡುವ ಸಂಶೋಧನಾ ಕ್ರಮವೇ ಕೇಸ್–ಕಂಟ್ರೋಲ್ ಅಧ್ಯಯನ. ರೋಗಿಗಳು ಕೇಸ್‌ಗಳು, ರೋಗವಿಲ್ಲದವರು ಕಂಟ್ರೋಲ್‌ಗಳು. 1926ರಲ್ಲಿ ಬ್ರಿಟನ್ನಿನ ವೈದ್ಯೆ ಜಾನೆಟ್ ಲೇನ್-ಕ್ಲೇಪನ್ ಸ್ತನ ಕ್ಯಾನ್ಸರ್ ಕುರಿತು ನಡೆಸಿದ ಅಧ್ಯಯನವನ್ನು ಈ ಕ್ರಮದ ಮೊದಲ ಆಧುನಿಕ ಮಾದರಿಯೆಂದು ಸಾಮಾನ್ಯವಾಗಿ ಗಣಿಸುತ್ತಾರೆ.

ಅಪರೂಪದ ರೋಗಗಳಿಗೆ ಇದಕ್ಕಿಂತ ಬೇಗ ಉತ್ತರ ಕೊಡುವ ಕ್ರಮ ಇಲ್ಲ. 1971ರಲ್ಲಿ ಬಾಸ್ಟನ್ನಿನ ಆರ್ಥರ್ ಹರ್ಬ್‌ಸ್ಟ್ ಮತ್ತು ಸಂಗಡಿಗರ ಕೈಯಲ್ಲಿದ್ದದ್ದು ಯೋನಿಯ ವಿರಳ ಕ್ಯಾನ್ಸರ್ ಬಂದಿದ್ದ ಕೇವಲ 8 ಯುವತಿಯರ ಪ್ರಕರಣ. ಪ್ರತಿ ಯುವತಿಗೂ, ಆಕೆ ಹುಟ್ಟಿದ ಆಸ್ಪತ್ರೆಯಲ್ಲೇ ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಹುಟ್ಟಿದ್ದ ನಾಲ್ವರನ್ನು ದಾಖಲೆಯಿಂದ ಆರಿಸಿದರು. ರೋಗಿಗಳ ತಾಯಂದಿರಲ್ಲಿ 7 ಮಂದಿ ಗರ್ಭಿಣಿಯಾಗಿದ್ದಾಗ ಡೈಎಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಹಾರ್ಮೋನ್ ಔಷಧ ಸೇವಿಸಿದ್ದರು; ಉಳಿದ 32 ತಾಯಂದಿರಲ್ಲಿ ಒಬ್ಬರೂ ಸೇವಿಸಿರಲಿಲ್ಲ. ಅದೇ ವರ್ಷ ಅಮೆರಿಕದ ಔಷಧ ನಿಯಂತ್ರಕರು ಗರ್ಭಿಣಿಯರಿಗೆ ಅದನ್ನು ಕೊಡಬಾರದೆಂದು ಎಚ್ಚರಿಸಿದರು. ಅಧ್ಯಯನ ಚಿಕ್ಕದಾದ ಮಾತ್ರಕ್ಕೆ ದುರ್ಬಲವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಗುಣಮಟ್ಟ ಅಳೆಯುವವರು ಮೊದಲು ನೋಡಬೇಕಾದದ್ದು ಕಂಟ್ರೋಲ್‌ಗಳು ಎಲ್ಲಿಂದ ಬಂದರು ಎಂಬುದನ್ನು. ಕಂಟ್ರೋಲ್ ಆದ ವ್ಯಕ್ತಿಗೆ ಅದೇ ರೋಗ ಬಂದಿದ್ದರೆ ಆತ ಇದೇ ಅಧ್ಯಯನದಲ್ಲಿ ಕೇಸ್ ಆಗಿ ಸೇರುತ್ತಿದ್ದನೇ? ಹೌದು ಎನ್ನುವಂತಿದ್ದರೆ ಆಯ್ಕೆ ಸರಿ. ಈ ಪ್ರಶ್ನೆಯಲ್ಲಿ ಎಡವಿದ ಅಧ್ಯಯನವನ್ನು ಯಾವ ಗಣಿತವೂ ಮೇಲೆತ್ತಲಾರದು. 1981ರಲ್ಲಿ ಹಾರ್ವರ್ಡ್‌ನ ಬ್ರಯನ್ ಮ್ಯಾಕ್‌ಮಹಾನ್ ತಂಡ ಕಾಫಿಗೂ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗೂ ನಂಟಿದೆಯೆಂದು ವರದಿ ಮಾಡಿ ಜಗತ್ತಿನಾದ್ಯಂತ ಗಾಬರಿ ಹುಟ್ಟಿಸಿತು. 369 ರೋಗಿಗಳು, 644 ಕಂಟ್ರೋಲ್‌ಗಳು. ಸಂಖ್ಯೆಯಲ್ಲಿ ಕೊರತೆ ಇರಲಿಲ್ಲ. ಆದರೆ ಕಂಟ್ರೋಲ್‌ಗಳನ್ನು ತಂದದ್ದು ರೋಗಿಗಳನ್ನು ನೋಡುತ್ತಿದ್ದ ವೈದ್ಯರ ಬಳಿಯಿಂದಲೇ. ಹಾಗಾಗಿ ಅವರಲ್ಲಿ ಹೊಟ್ಟೆ, ಕರುಳಿನ ತೊಂದರೆ ಇದ್ದವರು ಬಹಳ ಮಂದಿ. ಹೊಟ್ಟೆ ಕೆಟ್ಟವರು ಕಾಫಿ ಬಿಡುವುದು ಸಹಜವಲ್ಲವೇ? ರೋಗಿಗಳು ಹೆಚ್ಚು ಕಾಫಿ ಕುಡಿದಂತೆ ಕಂಡದ್ದು, ಹೋಲಿಕೆಗೆ ಸಿಕ್ಕವರು ಕಡಿಮೆ ಕುಡಿಯುತ್ತಿದ್ದುದರಿಂದ ಎಂಬ ಟೀಕೆ ಬಂತು. ಸಿಗರೇಟು, ಮದ್ಯಕ್ಕೆ ಸಂಬಂಧಿಸಿದ ಕಾಯಿಲೆಯವರನ್ನು ಕಂಟ್ರೋಲ್ ಗುಂಪಿನಿಂದ ಮಾತ್ರ ಕೈಬಿಟ್ಟದ್ದೂ ಆಕ್ಷೇಪಕ್ಕೆ ಗುರಿಯಾಯಿತು. ಹೊರಗಿಡುವ ನಿಯಮ ಎರಡೂ ಗುಂಪಿಗೆ ಒಂದೇ ಆಗಿರಬೇಕು. 1986ರಲ್ಲಿ ಅದೇ ತಂಡ ಮತ್ತೊಮ್ಮೆ ಪರಿಶೀಲಿಸಿದಾಗ ಆ ನಂಟು ನಿಲ್ಲಲಿಲ್ಲ. ಆಸ್ಪತ್ರೆಯಿಂದಲೇ ಆರಿಸಿದರೆ ಹೀಗೆ ಸುಳ್ಳು ನಂಟು ಮೂಡಬಹುದೆಂದು ಜೋಸೆಫ್ ಬರ್ಕ್‌ಸನ್ 1946ರಲ್ಲೇ ತೋರಿಸಿದ್ದರು.

ಎರಡನೆಯದು ನೆನಪು. ಕಾಯಿಲೆ ಬಿದ್ದವರು ಕಾರಣ ಹುಡುಕುತ್ತಾ ಹಿಂದಿನದನ್ನೆಲ್ಲ ಕೆದಕುತ್ತಾರೆ, ಆರೋಗ್ಯವಂತರು ಅಷ್ಟು ಯೋಚಿಸುವುದಿಲ್ಲ. ಪ್ರಶ್ನೆ ಕೇಳುವವರಿಗೆ ಎದುರಿಗಿರುವವರು ಯಾವ ಗುಂಪಿನವರೆಂದು ಗೊತ್ತಿದ್ದರೆ ಪ್ರಶ್ನೆಯೂ ಒಂದು ಕಡೆಗೆ ವಾಲಬಹುದು. ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫೋರ್ಡ್ ಹಿಲ್ 1950ರಲ್ಲಿ ಪ್ರಕಟಿಸಿದ ಲಂಡನ್ ಅಧ್ಯಯನದಲ್ಲಿ 709 ಶ್ವಾಸಕೋಶ ಕ್ಯಾನ್ಸರ್ ರೋಗಿಗಳಿಗೆ ಅಷ್ಟೇ ಮಂದಿ ಇತರ ರೋಗಿಗಳನ್ನು ಜೋಡಿಸಿದ್ದರು. ಗಂಡಸರಲ್ಲಿ ಧೂಮಪಾನ ಮಾಡದವರು ಕ್ಯಾನ್ಸರ್ ಗುಂಪಿನ 649ರಲ್ಲಿ 2 ಮಂದಿ, ಇನ್ನೊಂದು ಗುಂಪಿನ 649ರಲ್ಲಿ 27 ಮಂದಿ. ಆದರೆ ಪ್ರಶ್ನೆ ಕೇಳಿದವರಿಗೆ ರೋಗ ಯಾವುದೆಂದು ತಿಳಿದಿತ್ತು. ಇದಕ್ಕೆ ಇಬ್ಬರೂ ಕಂಡುಕೊಂಡ ಉಪಾಯ ಇಂದಿಗೂ ಮೆಚ್ಚುವಂಥದ್ದು: ಕ್ಯಾನ್ಸರ್ ಎಂದು ಭಾವಿಸಿ ಸಂದರ್ಶನ ಮಾಡಿ, ಆಮೇಲೆ ಬೇರೆ ಕಾಯಿಲೆ ಎಂದು ಖಚಿತವಾದವರನ್ನು ಪ್ರತ್ಯೇಕವಾಗಿ ನೋಡಿದರು. ಅವರ ಧೂಮಪಾನದ ಲೆಕ್ಕ ಕಂಟ್ರೋಲ್‌ಗಳ ಲೆಕ್ಕವನ್ನೇ ಹೋಲುತ್ತಿತ್ತು. ಸಂದರ್ಶಕರ ಊಹೆ ಉತ್ತರವನ್ನು ತಿರುಚಿರಲಿಲ್ಲ. ತನ್ನ ದೌರ್ಬಲ್ಯವನ್ನು ತಾನೇ ಹೀಗೆ ಪರೀಕ್ಷೆಗೆ ಒಡ್ಡುವ ಅಧ್ಯಯನಕ್ಕೆ ಹೆಚ್ಚಿನ ಬೆಲೆ ಸಲ್ಲಬೇಕು.

ಮೂರನೆಯದು ಮರೆಯಲ್ಲಿರುವ ಬೇರೆ ಕಾರಣಗಳು. 1990ರಲ್ಲಿ ಪ್ರಕಟವಾದ ಬೆಂಗಳೂರಿನ ಬಾಯಿ ಕ್ಯಾನ್ಸರ್ ಅಧ್ಯಯನ ಕನ್ನಡ ಓದುಗರಿಗೆ ಹತ್ತಿರದ್ದು. ನಗರದ ಕ್ಯಾನ್ಸರ್ ನೋಂದಣಿಯ ನೆರವಿನಿಂದ ಗುರುತಿಸಿದ 348 ರೋಗಿಗಳಿಗೆ ವಯಸ್ಸು, ಲಿಂಗ, ವಾಸದ ಪ್ರದೇಶ ಹೊಂದುವ ಕಂಟ್ರೋಲ್‌ಗಳನ್ನು ಆರಿಸಲಾಗಿತ್ತು. ಎಲೆಅಡಿಕೆಯೊಂದಿಗೆ ಹೊಗೆಸೊಪ್ಪು ಜಗಿಯುವ ಹೆಂಗಸರಲ್ಲಿ ಅಪಾಯ ಸುಮಾರು 25 ಪಟ್ಟು ಎಂದು ಕಂಡುಬಂತು. ಅದರ ವಿಶ್ವಾಸಾಂತರ, ಅಂದರೆ ನಿಜವಾದ ಬೆಲೆ ಇರಬಹುದಾದ ವ್ಯಾಪ್ತಿ, 11ರಿಂದ 57ರವರೆಗೆ ಹರಡಿದ್ದರೂ ಕೆಳಗಿನ ಅಂಚೇ ಬಹಳ ಎತ್ತರದಲ್ಲಿದೆ. ಅದೇ ಅಧ್ಯಯನದಲ್ಲಿ ರಾಗಿಯನ್ನು ಮುಖ್ಯ ಆಹಾರವಾಗಿ ಉಣ್ಣುವವರಲ್ಲಿಯೂ ಅಪಾಯ ಹೆಚ್ಚಾಗಿ ಕಂಡಿತು. ಈ ಎರಡು ಫಲಿತಾಂಶಗಳನ್ನು ಒಂದೇ ತೂಕದಲ್ಲಿ ಸ್ವೀಕರಿಸುವಂತಿಲ್ಲ. ಮುದ್ದೆ ಉಣ್ಣುವ ಮನೆಗೂ ಅನ್ನ ಉಣ್ಣುವ ಮನೆಗೂ ಆದಾಯ, ದುಡಿಮೆ, ಓದು, ತರಕಾರಿಯ ಬಳಕೆ ಇವುಗಳಲ್ಲೂ ವ್ಯತ್ಯಾಸ ಇರಬಹುದು. ವಾಸದ ಪ್ರದೇಶ ಹೊಂದಿಸಿದ ಮಾತ್ರಕ್ಕೆ ಇವೆಲ್ಲ ಸರಿದೂಗುವುದಿಲ್ಲ. ಹೊಗೆಸೊಪ್ಪಿನ ಮಾತು ಬೇರೆ. ನಂಟು ಬಹಳ ಬಲವಾಗಿದ್ದರೆ ಅದನ್ನು ವಿವರಿಸಬಲ್ಲ ಮರೆಯ ಕಾರಣವೂ ಅಷ್ಟೇ ಬಲವಾಗಿರಬೇಕು ಎಂದು ಜೆರೋಮ್ ಕಾರ್ನ್‌ಫೀಲ್ಡ್ ಮತ್ತು ಸಂಗಡಿಗರು 1959ರಲ್ಲಿ ವಾದಿಸಿದ್ದರು.

ಇಂಥ ಅಧ್ಯಯನದಿಂದ ರೋಗದ ಪ್ರಮಾಣ ನೇರವಾಗಿ ಸಿಗುವುದಿಲ್ಲ. ಸಿಗುವುದು ಆಡ್ಸ್ ಅನುಪಾತ: ಕೇಸ್‌ಗಳಲ್ಲಿ ಅಭ್ಯಾಸ ಇದ್ದವರಿಗೂ ಇಲ್ಲದವರಿಗೂ ಇರುವ ಅನುಪಾತವನ್ನು ಕಂಟ್ರೋಲ್‌ಗಳ ಅದೇ ಅನುಪಾತದಿಂದ ಭಾಗಿಸಿದ ಸಂಖ್ಯೆ. ರೋಗ ವಿರಳವಾಗಿದ್ದರೆ ಅದು ಸಾಪೇಕ್ಷ ಅಪಾಯಕ್ಕೆ (ಅಭ್ಯಾಸ ಇದ್ದವರ ಅಪಾಯ ಇಲ್ಲದವರ ಅಪಾಯದ ಎಷ್ಟು ಪಟ್ಟು ಎಂಬುದಕ್ಕೆ) ಹತ್ತಿರ ಬರುತ್ತದೆಂದು ಕಾರ್ನ್‌ಫೀಲ್ಡ್ 1951ರಲ್ಲಿ ತೋರಿಸಿದರು.

ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸುವವರು ಹೆಚ್ಚಾಗಿ ಬಳಸುವುದು ಆಸ್ಟ್ರೇಲಿಯಾದ ನ್ಯೂಕಾಸಲ್ ಮತ್ತು ಕೆನಡಾದ ಒಟ್ಟಾವಾ ವಿಶ್ವವಿದ್ಯಾಲಯಗಳು ರೂಪಿಸಿದ ನ್ಯೂಕಾಸಲ್–ಒಟ್ಟಾವಾ ಮಾಪನ. ಆಯ್ಕೆಗೆ 4, ಹೋಲಿಕೆಗೆ 2, ಹಿಂದಿನ ಅಭ್ಯಾಸವನ್ನು ತಿಳಿದುಕೊಂಡ ರೀತಿಗೆ 3 ಎಂದು ಒಟ್ಟು 9 ನಕ್ಷತ್ರ. ಎರಡೂ ಗುಂಪಿನಲ್ಲಿ ಭಾಗವಹಿಸಲು ಒಪ್ಪದವರ ಪ್ರಮಾಣ ಒಂದೇ ಇದೆಯೇ ಎಂಬ, ಸುಲಭವಾಗಿ ಮರೆತುಹೋಗುವ ಪ್ರಶ್ನೆಯೂ ಇದರಲ್ಲಿದೆ. ಆದರೆ ನಕ್ಷತ್ರಗಳನ್ನು ಕೂಡಿಸಿ ಅಂಕವಾಗಿಸುವುದರಲ್ಲಿ ಅಪಾಯವಿದೆ: ಕಂಟ್ರೋಲ್‌ಗಳ ಆಯ್ಕೆಯಲ್ಲಿ ಎಡವಿದ ಅಧ್ಯಯನ ಉಳಿದೆಡೆ ಪೂರ್ತಿ ಗಳಿಸಿ 7 ಅಥವಾ 8ಕ್ಕೆ ಏರಿಬಿಡಬಹುದು. 2007ರಲ್ಲಿ ಪ್ರಕಟವಾದ ಸ್ಟ್ರೋಬ್ ಪಟ್ಟಿಯ 22 ಅಂಶಗಳನ್ನು ಕೆಲವರು ಅಂಕಪಟ್ಟಿಯಂತೆ ಬಳಸುತ್ತಾರೆ, ಅದೂ ತಪ್ಪು. ವರದಿಯಲ್ಲಿ ಏನೇನು ಬರೆದಿರಬೇಕು ಎಂದು ಅದು ಹೇಳುತ್ತದೆ. ಬರೆದದ್ದು ಸರಿಯಾಗಿ ನಡೆದಿತ್ತೇ ಎಂಬುದನ್ನು ಓದುವವರೇ ತೀರ್ಮಾನಿಸಬೇಕು.